ಮುಖ ನೋಡಿ ಹಾಕುವ ಗಂಟು

ಆ ಊರು ಯಾವ ದಿಕ್ಕಿಗಿದೆ ಎಂದು ನನ್ನನ್ನು ಕೇಳಿ ಪ್ರಯೋಜನವಿಲ್ಲ. ಹೋಗಿ ಬಂದವರು ಒಬ್ಬೊಬ್ಬರು ಒಂದೊಂದು ದಿಕ್ಕು ತೋರಿಸುತ್ತಾರೆ, ಯಾರೂ ಸುಳ್ಳು ಹೇಳುತ್ತಿಲ್ಲ. ಸುತ್ತ ಕಲ್ಲು, ಕಲ್ಲಿನ ನಡುವೆ ಊರು, ಊರಿನ ನಡುವೆ ಒಂದು ಬಾವಿ. ಬಾವಿ ನಲವತ್ತು ಮಾರು ಆಳ. ದೊಡ್ಡ ಆಳು ಎರಡೂ ಕೈ ಚಾಚಿದರೆ ಒಂದು ಮಾರು, ಅಂಥ ನಲವತ್ತು. ಬಗ್ಗಿ ನೋಡಿದರೆ ನೀರು ಕಾಣುವುದಿಲ್ಲ. ಕೂಗಿದರೆ ಸ್ವಲ್ಪ ತಡೆದು ಬೇರೆ ಯಾರೋ ಕೂಗಿದ ಹಾಗೆ ಕೇಳುತ್ತದೆ. ಆ ಊರಿಗೆ ಬೇರೆ ನೀರಿಲ್ಲ.

ಬಾವಿಯ ಈಚೆಗೆ ಮೂಡಣದವರು, ಆಚೆಗೆ ಪಡುವಣದವರು. ಇಬ್ಬರದೂ ಒಂದೇ ಮಾತು, ಒಂದೇ ರೊಟ್ಟಿ, ಒಂದೇ ದೇವರು. ಜಗಳಕ್ಕೆ ಏನಾದರೊಂದು ಬೇಕಲ್ಲ, ಅದಕ್ಕೆ ದಿಕ್ಕು ಇಟ್ಟುಕೊಂಡಿದ್ದರು. ಇದನ್ನೆಲ್ಲ ಮೊದಲೇ ಬಲ್ಲ ಯಾರೋ ಪುಣ್ಯಾತ್ಮರು ಒಂದು ಕಟ್ಟಳೆ ಮಾಡಿ ಹೋಗಿದ್ದರು. ಯಾವ ಬದಿಯವರೂ ಇಪ್ಪತ್ತೊಂದು ಮಾರಿಗಿಂತ ಉದ್ದದ ಹಗ್ಗ ಹೊಸೆಯಕೂಡದು. ಬೆಳಿಗ್ಗೆ ಮೂಡಣದವರು ತಮ್ಮ ಹಗ್ಗ ತರಬೇಕು, ಪಡುವಣದವರು ತಮ್ಮ ಹಗ್ಗ ತರಬೇಕು, ಎರಡನ್ನೂ ಗಂಟು ಹಾಕಿ ಕೊಡ ಇಳಿಸಬೇಕು. ಸಂಜೆ ಗಂಟು ಬಿಚ್ಚಿ ಅವರವರ ಹಗ್ಗ ಅವರವರ ಮನೆಗೆ. ಒಬ್ಬರೇ ನೀರು ಕುಡಿಯುವ ಹಾಗಿಲ್ಲ, ಒಬ್ಬರೇ ಬಾಯಾರುವ ಹಾಗೂ ಇಲ್ಲ.

ಆ ಗಂಟು ಸಾಮಾನ್ಯ ಗಂಟಲ್ಲ. ನೀವು ನಾವು ಹಾಕುವ ಗಂಟು ದಪ್ಪನಾಗಿ ರಾಟೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಇಲ್ಲವೆ ತುಂಬಿದ ಕೊಡದ ಭಾರಕ್ಕೆ ಜಾರುತ್ತದೆ. ಇದು ಚಪ್ಪಟೆಯಾಗಿರಬೇಕು, ರಾಟೆ ದಾಟಬೇಕು, ಭಾರ ಬಿದ್ದಷ್ಟೂ ಬಿಗಿಯಬೇಕು. ಅದಕ್ಕೆ ನಾಲ್ಕು ಹೆಜ್ಜೆ. ಮೂಡಣದ ಕೈ ಕುಣಿಕೆ ಮಾಡುತ್ತದೆ. ಪಡುವಣದ ಕೈ ತುದಿ ಹಾಯಿಸುತ್ತದೆ. ಮೂಡಣದ ಕೈ ಮಡಚುತ್ತದೆ. ಪಡುವಣದ ಕೈ ಎಳೆಯುತ್ತದೆ. ಹಾಕುವಾಗ ಇಬ್ಬರೂ ಕೈ ನೋಡಬಾರದು, ಎದುರಿನವರ ಮುಖ ನೋಡಬೇಕು. ಯಾಕೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಹಾಗೆ ಮಾಡಿದರೆ ಗಂಟು ನಿಲ್ಲುತ್ತಿತ್ತು, ಅಷ್ಟೇ.

ಮೂಡಣದ ಬದಿಯಲ್ಲಿ ಆ ಕೆಲಸ ಒಬ್ಬ ಹೆಂಗಸಿನದು. ತಾಯಿಯಿಂದ ಅವಳಿಗೆ ಬಂದದ್ದು. ಊರು ಅವಳನ್ನು ಗಂಟಿನವಳು ಎಂದೇ ಕರೆಯುತ್ತಿತ್ತು. ಆಚೆ ಬದಿಯಲ್ಲಿ ಗಂಟಿನವನು. ಅವನಿಗೆ ಅದು ತಂದೆಯಿಂದ ಬಂದದ್ದು. ಐದು ವರ್ಷ ಇಬ್ಬರೂ ದಿನಾ ಬೆಳಿಗ್ಗೆ ಬಾವಿಕಟ್ಟೆಯ ಮೇಲೆ ಎದುರುಬದುರು ನಿಂತರು. ಅವನು, "ಹಿಡಿದೆಯಾ?" ಎನ್ನುವನು. ಅವಳು, "ಹಿಡಿದೆ," ಎನ್ನುವಳು. ಅದರಾಚೆ ಒಂದು ಮಾತಿಲ್ಲ. ಆದರೆ ಅವನ ಮನೆಯಲ್ಲಿ ಯಾರಿಗೆ ಜ್ವರ, ಯಾವ ದಿನ ಅವನು ಹೆಂಡತಿಯೊಡನೆ ಮುನಿಸಿಕೊಂಡು ಬಂದಿದ್ದಾನೆ, ಎಲ್ಲ ಅವಳಿಗೆ ಆ ಮುಖದಲ್ಲಿ ಗೊತ್ತಾಗುತ್ತಿತ್ತು. ಅವಳು ಬಸುರಿಯಾದದ್ದು ಗಂಡನಿಗಿಂತ ಮೊದಲು ಅವನಿಗೆ ತಿಳಿದಿತ್ತು. ಗಂಟು ಎಳೆಯುವಾಗ ಅಂದು ಅವನು ಎಂದಿಗಿಂತ ಮೆಲ್ಲಗೆ ಎಳೆದಿದ್ದ.

ಅದೇ ವರ್ಷ ಪಡುವಣದ ಹಗ್ಗ ಕಿತ್ತು ಕೊಡ ಬಾವಿಗೆ ಬಿತ್ತು. ನೀರಿನಲ್ಲಿ ನೆನೆಯುವ ಹಗ್ಗ ಬೇಗ ಲಡ್ಡಾಗಿ ಕೊಳೆಯುತ್ತದೆ, ಅದಕ್ಕೇ ಅಮಾವಾಸ್ಯೆಗೊಮ್ಮೆ ಕೊಡ ಕಟ್ಟುವ ಕೆಳಗಿನ ಹಗ್ಗದ ಪಾಳಿ ಬದಲಾಗುತ್ತಿತ್ತು. ಈ ಸಲ ಬದಲಾಯಿಸಲಿಲ್ಲ ಎಂದು ಪಡುವಣದವರು, ಬದಲಾಯಿಸಿದ್ದೆವು ಎಂದು ಮೂಡಣದವರು. ಮಾತಿಗೆ ಮಾತು ಬೆಳೆದು ಕಲ್ಲಿಗೆ ಬಂತು. ಮೂರು ದಿನ ಯಾರೂ ಬಾವಿಗೆ ಹೋಗಲಿಲ್ಲ. ಮೂರನೆಯ ದಿನ ದಾರಿಯಲ್ಲಿ ಧೂಳೆದ್ದಿತು. ಒಂದು ಬಂಡಿ, ಬಂಡಿಯಲ್ಲಿ ಒಂದು ಡೇರೆ, ಡೇರೆಯ ಜೊತೆ ಒಬ್ಬ ಮಧ್ಯಸ್ಥ, ಮಧ್ಯಸ್ಥನ ಹೆಗಲ ಮೇಲೆ ಒಂದು ಕಬ್ಬಿಣದ ಕೊಕ್ಕೆ.

"ನಾನು ಯಾರ ಕಡೆಯವನೂ ಅಲ್ಲ," ಎಂದ.

ಮೂರು ದಿನ ಗಂಟಲು ಒಣಗಿದವರಿಗೆ ಈ ಮಾತು ಎಷ್ಟು ತಂಪು ಎಂದು ನೀರು ಕುಡಿದು ಕೂತವರಿಗೆ ತಿಳಿಯುವುದಿಲ್ಲ. ಕೊಕ್ಕೆಯ ಒಂದು ತುದಿಗೆ ಮೂಡಣದ ಹಗ್ಗ ಸಿಕ್ಕಿಸಿದ, ಇನ್ನೊಂದು ತುದಿಗೆ ಪಡುವಣದ ಹೊಸ ಹಗ್ಗ ಸಿಕ್ಕಿಸಿದ. ಗಂಟು ಬೇಡ, ಮುಖ ನೋಡುವುದು ಬೇಡ, ಮುನಿಸಿದ್ದರೆ ಮುನಿಸಿಕೊಂಡೇ ನೀರು ಸೇದಬಹುದು. ಕೊಡ ಮೇಲೆ ಬಂದಾಗ ಹೆಂಗಸರು ಅತ್ತರು. ಗಂಟಿನವಳೂ ಅತ್ತಳು. ನಿಜ ಹೇಳಬೇಕೆಂದರೆ ಅಂದು ಅವಳಿಗೂ ಹಾಯೆನಿಸಿತ್ತು.

ಕೊಕ್ಕೆ ಮಧ್ಯಸ್ಥನದು. ಬೆಳಿಗ್ಗೆ ಡೇರೆಯಿಂದ ಬರುತ್ತದೆ, ಸಂಜೆ ಡೇರೆಗೆ ಹೋಗುತ್ತದೆ. ಡೇರೆ ನಿಂತಿರದ ಹೊತ್ತಿನಲ್ಲಿ ಕೊಕ್ಕೆ ಹೊರಗೆ ಬರುವ ಹಾಗಿಲ್ಲ. ಮೊದಲ ಕೊಡ ಡೇರೆಗೆ. ಕಟ್ಟೆಯ ಮೇಲೆ ಮಧ್ಯಸ್ಥನ ಆಳುಗಳು ಮಾತ್ರ ಹತ್ತಬೇಕು. ಇನ್ನು ಹಗ್ಗಗಳಿಗೆ ಕಾವಲು ಬೇಕಲ್ಲ ಎಂದು ಬಂಡಿಯಿಂದ ಕತ್ತಿಗಳನ್ನು ಇಳಿಸಿದ. ಮೂಡಣಕ್ಕೆ ಹನ್ನೆರಡು, ಪಡುವಣಕ್ಕೆ ಹನ್ನೆರಡು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ, ಅಂಥ ನ್ಯಾಯವಂತ. ಗಂಟಿನವಳನ್ನೂ ಗಂಟಿನವನನ್ನೂ ಬೇರೆ ಬೇರೆ ದಿನ ಕರೆದು ಒಂದೊಂದು ಶಾಲು ಹೊದಿಸಿ, ಇಷ್ಟು ದಿನ ದುಡಿದಿರಿ, ಇನ್ನು ವಿಶ್ರಾಂತಿ ತೆಗೆದುಕೊಳ್ಳಿ ಎಂದ.

ಏಳು ವರ್ಷದ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಡೇರೆ ಇಲ್ಲ. ಬೇರೆ ಯಾವುದೋ ಊರಿನ ಬಾವಿಯಲ್ಲಿ ಇದಕ್ಕಿಂತ ದೊಡ್ಡ ಕೆಲಸ ಬಂದಿತ್ತಂತೆ. ಹೇಳಿಲ್ಲ, ಕೇಳಿಲ್ಲ, ಹೊರಟೇ ಹೋಗಿದ್ದ. ಕೊಕ್ಕೆ ಹೋಗಿತ್ತು, ಕತ್ತಿಗಳು ಉಳಿದಿದ್ದವು. ಗಂಟಿನವಳು ಹಗ್ಗದ ತುದಿ ಹಿಡಿದು ಬಾವಿಗೆ ಓಡಿದಳು. ಆಚೆ ಬದಿಯಲ್ಲಿ ಗಂಟಿನವನೂ ಓಡಿ ಬಂದಿದ್ದನಂತೆ. ಆದರೆ ನಡುವೆ ಇಪ್ಪತ್ತನಾಲ್ಕು ಕತ್ತಿಗಳಿದ್ದವು, ಅಂದು ಅವು ಕೆಲಸ ಕಲಿತವು. ಅವಳ ಗಂಡ ಹೋದದ್ದು ಆ ದಿನ. ಒಂಬತ್ತು ದಿನ ಕಳೆದ ಮೇಲೆ ಇನ್ನೊಂದು ದಿಕ್ಕಿನಿಂದ ಧೂಳೆದ್ದಿತು. ಬೇರೆ ಬಂಡಿ, ಬೇರೆ ಮಧ್ಯಸ್ಥ, ಇನ್ನೂ ದೊಡ್ಡ ಕೊಕ್ಕೆ. "ನಾನು ಯಾರ ಕಡೆಯವನೂ ಅಲ್ಲ," ಎಂದ. ಹಳೆಯ ಕತ್ತಿಗಳನ್ನು ತೆಗೆದುಕೊಂಡು ಅವನು ಇಳಿಸಿದ್ದು ಬದಿಗೆ ಇಪ್ಪತ್ತು ಹೊಸ ಕತ್ತಿ.

ಅವನು ಬಂದು ಹದಿನಾಲ್ಕು ವರ್ಷವಾಯಿತು. ಅಂದರೆ ಗಂಟು ಹಾಕಿ ಇಪ್ಪತ್ತೊಂದು ವರ್ಷ. ಅಂದು ಅವಳ ಹೊಟ್ಟೆಯಲ್ಲಿದ್ದ ಮಗ ಈಗ ಮೂಡಣದ ಕತ್ತಿಯವರ ಮೊದಲ ಸಾಲಿನಲ್ಲಿ ನಿಲ್ಲುತ್ತಿದ್ದ.

ಗಂಟಿನವಳು ಶಾಲನ್ನು ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿದ್ದಳು. ವಿಶ್ರಾಂತಿ ಅವಳ ಜಾಯಮಾನಕ್ಕೆ ಆಗಿಬರುವಂಥದಲ್ಲ. ಬಳಸದಿದ್ದರೆ ಕೈ ಮರೆಯುತ್ತದೆ ಎಂದು ತಾಯಿ ಹೇಳಿದ್ದಳು. ಅದಕ್ಕೆ ದಿನಾ ಬೆಳಿಗ್ಗೆ ಎದ್ದವಳೇ ಮಂಚದ ಕಾಲಿಗೆ ಎರಡು ಹಗ್ಗದ ತುಂಡು ಕಟ್ಟಿಕೊಂಡು ಕೂರುವಳು. ಕುಣಿಕೆ ಮಾಡುವಳು. ಆಮೇಲೆ ಅವನು ತುದಿ ಹಾಯಿಸಲು ಎಷ್ಟು ಹೊತ್ತು ಹಿಡಿಯುತ್ತಿತ್ತೋ ಅಷ್ಟು ಹೊತ್ತು ಸುಮ್ಮನೆ ಕಾಯುವಳು. ಮಡಚುವಳು. ಮತ್ತೆ ಕಾಯುವಳು. ಮೊದಲ ವರ್ಷ ಹೀಗೇ ನಡೆಯಿತು. ಆಮೇಲೆ ಆ ಕಾಯುವ ಹೊತ್ತು ಅವಳಿಗೆ ಸಹಿಸಲಾಗಲಿಲ್ಲ. ಬರಿಯ ಗಾಳಿಯನ್ನು ಎಷ್ಟು ದಿನ ಕಾಯುವುದು ಹೇಳಿ. ಒಂದು ದಿನ ತನ್ನ ಎಡಗೈಯಿಂದಲೇ ತುದಿ ಹಾಯಿಸಿದಳು, ಎಡಗೈಯಿಂದಲೇ ಎಳೆದಳು. ಗಂಟು ಬಂತು. ಬರಬರುತ್ತ ಎಷ್ಟು ಚುರುಕಾಯಿತೆಂದರೆ ರೊಟ್ಟಿಯೊಂದು ಬೇಯುವಷ್ಟರಲ್ಲಿ ಹತ್ತು ಸಲ ಹಾಕಿ ಬಿಚ್ಚುತ್ತಿದ್ದಳು. ಊರಿನಲ್ಲಿ ಆ ಗಂಟು ಬದುಕಿರುವುದು ತನ್ನ ಮಂಚದ ಕಾಲಿನಲ್ಲಿ ಮಾತ್ರ ಎಂದು ಅವಳಿಗೆ ಒಳಗೊಳಗೇ ಹೆಮ್ಮೆ.

ಆಚೆ ಬದಿಯಲ್ಲಿ ಗಂಟಿನವನು ಬಾಗಿಲ ಬಳೆಗೆ ಹಗ್ಗ ಕಟ್ಟಿಕೊಂಡು ಇದನ್ನೇ ಮಾಡುತ್ತಿದ್ದ. ಅವನೂ ಒಂದು ವರ್ಷ ಕಾದಿದ್ದ, ಅವನೂ ಆಮೇಲೆ ಕಾಯುವುದನ್ನು ಬಿಟ್ಟಿದ್ದ. ಇದು ಅವಳಿಗೆ ಗೊತ್ತಿರಲಿಲ್ಲ. ಅವಳದು ಅವನಿಗೆ ಗೊತ್ತಿರಲಿಲ್ಲ.

ಹೀಗಿರುವಾಗ ಮಧ್ಯಸ್ಥ ಎರಡೂ ಬದಿಯ ಹಿರಿಯರನ್ನು ಕರೆಸಿ, ಇನ್ನು ಮೂರು ದಿನಕ್ಕೆ ತಾನು ಹೊರಡುವುದಾಗಿ ಹೇಳಿದ. ನಿಮ್ಮ ಬಾವಿ, ನಿಮ್ಮ ಹಗ್ಗ, ನಿಮ್ಮ ಗಂಟು, ನೀವೇ ನೋಡಿಕೊಳ್ಳಿ, ನಿಮ್ಮ ಮೇಲೆ ನನಗೆ ಪೂರ್ತಿ ನಂಬಿಕೆಯಿದೆ ಎಂದ. ಕಣ್ಣಲ್ಲಿ ನೀರೂ ತಂದುಕೊಂಡನಂತೆ. ಸುದ್ದಿ ಕೇಳಿ ಊರಿನಲ್ಲಿ ಯಾರೂ ನಗಲಿಲ್ಲ. ಮನೆಮನೆಯಲ್ಲಿ ಹಂಡೆ, ಕೊಡ, ಕುಡಿಕೆ, ತೊಟ್ಟಿಲು ತೊಳೆಯುವ ಬೋಗುಣಿ ಕೂಡ ತುಂಬಿಸಿಟ್ಟರು. ಕತ್ತಿಯವರು ಕತ್ತಿ ಒರೆಸಿದರು. ಎಲ್ಲರೂ ಗಂಟಿನವಳ ಕೈ ನೋಡತೊಡಗಿದರು. ಅವಳು ಬೀದಿಯಲ್ಲಿ ನಡೆದರೆ ಜನ ಮುಖಕ್ಕೆ ನಮಸ್ಕಾರ ಮಾಡಿ ಕೈ ನೋಡುತ್ತಿದ್ದರು. ಅವಳು ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗಿನಲ್ಲಿ ಸುತ್ತಿಕೊಂಡಳು.

ಒಳಗೆ ಅವಳಿಗೆ ಪುಕುಪುಕು. ಗಂಟು ಬರುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೂ ಇನ್ನೊಬ್ಬರ ಜೊತೆ ಹಾಕಿ ಇಪ್ಪತ್ತೊಂದು ವರ್ಷವಾಯಿತಲ್ಲ. ಮೂಡಣದ ಹಿರಿಯನ ಬಳಿ ಹೋಗಿ ಒಂದೇ ಒಂದು ಮಾತು ಕೇಳಿದಳು. ಮಧ್ಯಸ್ಥ ಹೋಗುವ ಮುಂಚೆ ಒಂದು ಬೆಳಿಗ್ಗೆ, ಖಾಲಿ ಕೊಡ ಇಟ್ಟುಕೊಂಡು, ತಾನೂ ಗಂಟಿನವನೂ ಕಟ್ಟೆಯ ಮೇಲೆ ಒಮ್ಮೆ ಹಾಕಿ ನೋಡಬೇಕು. ಹಿರಿಯ ಡೇರೆಗೆ ಹೋಗಿ ಬಂದ. ಮಧ್ಯಸ್ಥನಿಗೆ ಬಹಳ ಬೇಸರವಾಯಿತಂತೆ. ಕೊಕ್ಕೆ ಇರುವ ತನಕ ಕಟ್ಟೆ ತನ್ನ ಜವಾಬ್ದಾರಿ. ನಲವತ್ತು ಕತ್ತಿಗಳ ನಡುವೆ ಎರಡು ಬದಿಯವರನ್ನು ಒಟ್ಟಿಗೆ ನಿಲ್ಲಿಸಿ ಏನಾದರೂ ಹೆಚ್ಚು ಕಡಿಮೆಯಾದರೆ ಯಾರು ಹೊಣೆ? ತಾನು ಹೋದ ಮೇಲೆ ಎಷ್ಟು ಬೇಕಾದರೂ ಹಾಕಿಕೊಳ್ಳಲಿ ಎಂದನಂತೆ. ಹಾಗಾದರೆ ಬಾವಿ ಬೇಡ, ಬಯಲಿನಲ್ಲಿ ಹಾಕಿ ನೋಡುತ್ತೇವೆ ಎಂದು ಗಂಟಿನವಳು ಹೇಳಿಸಿದಳು. ಅದಕ್ಕೆ ಪಡುವಣದ ಹಿರಿಯ, ನಮ್ಮ ಹಗ್ಗದ ತುದಿಯನ್ನು ಬಯಲಿಗೆ ತರಿಸಿಕೊಳ್ಳುವ ಆಸೆ ಅವಳಿಗೆ ಯಾಕೆ ಬಂತು ಎಂದು ಕೇಳಿದನಂತೆ. ಅಲ್ಲಿಗೆ ಮಾತು ಮುಗಿಯಿತು.

ಉಳಿದ ಎರಡು ದಿನ ಅವಳು ಮಂಚದ ಕಾಲು ಬಿಟ್ಟು ಏಳಲಿಲ್ಲ. ಕುಣಿಕೆ, ಹಾಯಿಸು, ಮಡಚು, ಎಳೆ. ಕುಣಿಕೆ, ಹಾಯಿಸು, ಮಡಚು, ಎಳೆ. ಬೆರಳಿನ ಚರ್ಮ ಸುಲಿಯಿತು. ಮಗ ಕಾವಲಿಗೆ ಹೊರಟವನು ಬಾಗಿಲಲ್ಲಿ ನಿಂತು ನೋಡಿದ. ಅವನ ಕತ್ತಿಯ ಹಿಡಿ ಸೀಳಿತ್ತು. ಅದಕ್ಕೆ ಅವಳೇ ಪುಂಡಿನಾರು ಸುತ್ತಿ ಕೊಟ್ಟಿದ್ದಳು.

"ಬರುತ್ತೆ ಅಲ್ವೇನಮ್ಮ?" ಎಂದ.

"ಬರುತ್ತೆ."

"ಬಂದುಬಿಟ್ಟರೆ ಇದನ್ನ ಬಗ್ಗಿಸಿ ಕುಡುಗೋಲು ಮಾಡಿಸ್ತೀನಿ. ಹಿಡಿ ಮಾತ್ರ ಹೀಗೇ ಇರಲಿ, ಕೈಗೆ ಚೆನ್ನಾಗಿ ಕೂತಿದೆ."

ಅವಳಿಗೆ ಆ ಮಾತಿನಿಂದ ಧೈರ್ಯ ಬರಬೇಕಿತ್ತು. ಬದಲಿಗೆ ಹಾಕಿದ್ದ ಗಂಟನ್ನು ಬಿಚ್ಚಿ ಮತ್ತೆ ಮೊದಲಿನಿಂದ ಹಾಕತೊಡಗಿದಳು. ಊರಿನ ನೀರಿನ ಚಿಂತೆ ಅವಳ ಪಾಲಿಗೆ ಅಲ್ಲಿಗೆ ಮುಗಿಯಿತು. ಗಂಟು ಬಂದರೆ ಮಗ ಉಳಿಯುತ್ತಾನೆ, ಬರದಿದ್ದರೆ ಇಲ್ಲ. ಅದೊಂದೇ ತಲೆಯಲ್ಲಿ ಉಳಿಯಿತು.

ಮೂರನೆಯ ದಿನ ಬಂತು. ಬೆಳಿಗ್ಗೆಯೇ ಮಧ್ಯಸ್ಥನ ಆಳುಗಳು ಡೇರೆ ಕೀಳತೊಡಗಿದರು. ಹದಿನಾಲ್ಕು ವರ್ಷ ಕಟ್ಟಿ ನಿಂತ ಡೇರೆಯ ದೊಡ್ಡ ಹಗ್ಗ ಗೂಟಕ್ಕೆ ಕಚ್ಚಿಕೊಂಡು ಬಿಚ್ಚಲು ಬರಲಿಲ್ಲ. ಅವರಿಗೆಲ್ಲಿಯ ಪುರಸೊತ್ತು, ಒಬ್ಬ ಬಂದು ಕತ್ತಿಯಿಂದ ಹಗ್ಗವನ್ನು ನಡುಮಧ್ಯಕ್ಕೆ ಕಚಕ್ಕೆಂದು ಕಡಿದ. ತುಂಡುಗಳನ್ನು ಬಂಡಿಗೆ ಎಸೆದರು, ಅದರ ಮೇಲೆ ಕೊಕ್ಕೆ ಇಟ್ಟರು. ಮಧ್ಯಸ್ಥ ಎರಡೂ ಬದಿಗೆ ಕೈಮುಗಿದು ಬಂಡಿ ಹತ್ತಿದ. ಬಂಡಿ ಹೋಯಿತು. ಊರಾಚೆಯ ತಿರುವಿನಲ್ಲಿ ಒಂದು ಬೇವಿನ ಮರವಿತ್ತು, ಅಲ್ಲಿ ನಿಂತಿತು. ಎತ್ತುಗಳನ್ನು ಬಿಚ್ಚಿದ್ದು ಬಾವಿಕಟ್ಟೆಗೇ ಕಾಣುತ್ತಿತ್ತು. ಎತ್ತುಗಳಿಗೆ ದಣಿವಾಗಿರಬೇಕು ಎಂದು ಜನ ಮಾತಾಡಿಕೊಂಡರು. ಹದಿನಾಲ್ಕು ವರ್ಷ ಕೂತು ಮೇಯ್ದ ಎತ್ತುಗಳಿಗೆ ಎಂಥ ದಣಿವೋ.

ಗಂಟಿನವಳು ಮೂಡಣದಿಂದ ಕಟ್ಟೆ ಹತ್ತಿದಳು. ಗಂಟಿನವನು ಪಡುವಣದಿಂದ ಹತ್ತಿದ. ಅವಳ ಬೆನ್ನಿಗೆ ಇಪ್ಪತ್ತು ಕತ್ತಿ, ಅವನ ಬೆನ್ನಿಗೆ ಇಪ್ಪತ್ತು ಕತ್ತಿ, ಅವುಗಳ ಹಿಂದೆ ಊರಿಗೆ ಊರೇ. ಅವನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅದು ಅವಳಿಗೆ ಕಣ್ಣಂಚಿನಲ್ಲಿ ಕಂಡಿತು, ಅಷ್ಟೇ. ಮುಖ ನೋಡಲು ಅವಳಿಗೆ ಧೈರ್ಯ ಬರಲಿಲ್ಲ. ಅವಳ ಕಣ್ಣೆಲ್ಲ ಹಗ್ಗದ ಮೇಲೆ, ಎಲ್ಲಿ ತಪ್ಪಿಬಿಡುತ್ತದೋ ಎಂದು. ಅವನ ಕಣ್ಣೂ ಹಗ್ಗದ ಮೇಲೆಯೇ ಇತ್ತು.

"ಹಿಡಿದೆಯಾ?"

"ಹಿಡಿದೆ."

ಅವಳ ಬಲಗೈ ಕುಣಿಕೆ ಮಾಡಿತು. ಕೂಡಲೇ, ಅವಳು ಹೇಳದೆ ಕೇಳದೆ, ಅವಳ ಎಡಗೈ ತುದಿ ಹಾಯಿಸಲು ಹೋಯಿತು. ಅಲ್ಲಿ ಆಗಲೇ ಅವನ ಕೈ ಬಂದಿತ್ತು. ಎರಡು ಕೈ ಡಿಕ್ಕಿ ಹೊಡೆದವು. ಕುಣಿಕೆ ಬಿಚ್ಚಿಹೋಯಿತು. ಜನರ ನಡುವೆ ಗುಸುಗುಸು ಎದ್ದಿತು. ಇನ್ನೊಮ್ಮೆ. ಈ ಸಲ ಅವಳು ಎಡಗೈಯನ್ನು ಬಿಗಿಹಿಡಿದು ಕಾದಳು. ಆದರೆ ಅವನು, ತಾನೇ ಮಡಚಿ ಮಡಚಿ ರೂಢಿಯಾದವನು, ಹಾಯಿಸಿದ್ದರ ಜೊತೆಗೇ ಮಡಚಿಬಿಟ್ಟ, ಅದರ ಮೇಲೆ ಅವಳೂ ಮಡಚಿದಳು. ಮತ್ತೆ ಬಿಚ್ಚಿದರು. ಹಿಂದಿನಿಂದ ಯಾರೋ ಬೇಗ ಬೇಗ ಎಂದರು. ಮೂರನೆಯ ಸಲ ಹೇಗೋ ಒಂದು ಗಂಟಾಯಿತು. ನೋಡಲು ಚೆನ್ನಾಗಿಯೇ ಇತ್ತು, ಸ್ವಲ್ಪ ದಪ್ಪ. ಅವಳಿಗೆ ಬೆರಳಿನಲ್ಲಿ ಗೊತ್ತಾಯಿತು, ಇದು ಅದಲ್ಲ ಎಂದು. ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಕೊಡ ಇಳಿದಿತ್ತು.

ಅಂದು ಕೆಳಗಿನ ಪಾಳಿ ಮೂಡಣದ ಹಗ್ಗದ್ದು. ಕೊಡ ಖಾಲಿಯಿದ್ದಾಗ ಗಂಟು ಹೇಗೋ ರಾಟೆ ದಾಟಿತು, ಕೊಡ ನಲವತ್ತು ಮಾರು ಇಳಿಯಿತು, ಮುಳುಗಿತು, ತುಂಬಿತು. ಸೇದತೊಡಗಿದರು. ಊರು ಉಸಿರು ಹಿಡಿದು ರಾಟೆಯ ಸದ್ದು ಕೇಳುತ್ತಿತ್ತು. ಪಡುವಣದ ಹಗ್ಗವೆಲ್ಲ ಮೇಲೆ ಬಂತು. ಗಂಟು ರಾಟೆಗೆ ಬಂದು ಸಿಕ್ಕಿಕೊಂಡಿತು. ಸೇದುವವರು ಒಮ್ಮೆ ಜಗ್ಗಿದರು. ಗಂಟು ಜಾರಿತು. ಮೂಡಣದ ಹಗ್ಗ, ಅದರ ತುದಿಯ ಕೊಡ, ಎರಡೂ ಬಾವಿಯೊಳಗೆ ಹೋದವು. ಬಹಳ ಹೊತ್ತಿನ ಮೇಲೆ ಕೆಳಗೆ ಸದ್ದಾಯಿತು.

ಅವಳ ಕೈ ನಮ್ಮ ತುದಿಯಲ್ಲಿತ್ತು, ನಾನೇ ಕಣ್ಣಾರೆ ಕಂಡೆ ಎಂದು ಪಡುವಣದ ಒಬ್ಬ ಕೂಗಿದ. ಅದು ನಿಜ. ಅವನ ಕೈ ನಮ್ಮ ಕುಣಿಕೆಯಲ್ಲಿತ್ತು ಎಂದು ಮೂಡಣದ ಒಬ್ಬ ಕೂಗಿದ. ಅದೂ ನಿಜ. ಎರಡು ನಿಜಗಳು ಎದುರುಬದುರು ನಿಂತ ಮೇಲೆ ಅಲ್ಲಿ ಸುಳ್ಳಿನ ಅಗತ್ಯವೇ ಬೀಳಲಿಲ್ಲ.

"ಇನ್ನೊಂದು ಸಲ," ಎಂದಳು ಗಂಟಿನವಳು. "ತಪ್ಪು ಎಲ್ಲಿದೆ ಅಂತ ಗೊತ್ತಾಯ್ತು. ಇನ್ನೊಂದೇ ಸಲ."

ಅವಳಿಗೆ ನಿಜವಾಗಿಯೂ ಗೊತ್ತಾಗಿತ್ತು. ಇನ್ನೊಂದು ಹಗ್ಗ, ಇನ್ನೊಂದು ಬೆಳಿಗ್ಗೆ, ಅಷ್ಟಿದ್ದರೆ ಸಾಕಿತ್ತು. ಇಪ್ಪತ್ತೊಂದು ವರ್ಷ ಕೊಕ್ಕೆಗೆ ಬಿಟ್ಟುಕೊಟ್ಟ ಊರು ಅವಳಿಗೆ ಒಂದು ಬೆಳಿಗ್ಗೆಯನ್ನು ಬಿಟ್ಟುಕೊಡಲಿಲ್ಲ. ಕತ್ತಿಗಳು ಅವಳ ಎರಡೂ ಪಕ್ಕದಿಂದ ಮುಂದೆ ಹೋದವು. ಮಗ ಅವಳನ್ನು ದಾಟಿಕೊಂಡು ಹೋಗುವಾಗ ಅವಳ ಭುಜ ಹಿಡಿದು ಕಟ್ಟೆಯ ಕೆಳಗೆ ತಳ್ಳಿ ಕೂರಿಸಿದ, ಪೆಟ್ಟು ಬೀಳದಿರಲಿ ಎಂದು.

ಮಧ್ಯಾಹ್ನಕ್ಕೆ ಎಲ್ಲ ಮುಗಿಯಿತು. ಏಳು ಜನ ಸತ್ತಿದ್ದರು. ಏಳರಲ್ಲಿ ಅವಳ ಮಗ ಒಬ್ಬ. ಅವನು ಕಟ್ಟೆಯ ಪಡುವಣದ ಮೆಟ್ಟಿಲಲ್ಲಿ ಬಿದ್ದಿದ್ದ, ಕತ್ತಿ ಕೈಯಲ್ಲಿರಲಿಲ್ಲ. ಅವಳು ಅವನನ್ನು ಮನೆಗೆ ಹೊರಿಸಿ ತಂದು ಅದೇ ಮಂಚದ ಮೇಲೆ ಮಲಗಿಸಿದಳು. ಅಳಲಿಲ್ಲ. ಮಂಚದ ಕಾಲಿಗೆ ಹಗ್ಗದ ತುಂಡು ಇನ್ನೂ ಕಟ್ಟಿಕೊಂಡಿತ್ತು. ಅದನ್ನು ಕಂಡಾಗ ಮಾತ್ರ ಅವಳಿಗೆ ತನ್ನ ಎರಡೂ ಕೈಗಳ ಮೇಲೆ ಎಂಥ ಸಿಟ್ಟು ಬಂತೆಂದರೆ, ಅವುಗಳನ್ನು ಎಲ್ಲಾದರೂ ಬಿಟ್ಟು ಬರುವ ಹಾಗಿದ್ದರೆ ಬಿಟ್ಟು ಬರುತ್ತಿದ್ದಳು.

ಬಿಸಿಲು ಇಳಿಯುವ ಹೊತ್ತಿಗೆ ಮೂಡಣದ ಹಿರಿಯ ಮತ್ತು ಪಡುವಣದ ಹಿರಿಯ ಬೇವಿನ ಮರದ ಕಡೆಗೆ ಹೊರಟರು. ಅವರಿಬ್ಬರೂ ಒಂದೇ ದಾರಿಯಲ್ಲಿ ಒಟ್ಟಿಗೆ ನಡೆದದ್ದನ್ನು ಊರು ಕಂಡದ್ದು ಆಗ ಮಾತ್ರ. ಎತ್ತುಗಳನ್ನು ಆಗಲೇ ಹೂಡಿ ಆಗಿತ್ತಂತೆ. ಬಂಡಿಯ ಮೂತಿ ಊರಿನ ಕಡೆಗಿತ್ತಂತೆ. ಮೂಡಣದ ಹಗ್ಗ ಬಾವಿಗೆ ಬಿದ್ದಿತಲ್ಲ, ಅದಕ್ಕೂ ಅಲ್ಲಿ ಪರಿಹಾರವಿತ್ತು: ಇಪ್ಪತ್ತೊಂದು ಮಾರಿನ ಸರಪಳಿ, ಮೊದಲೇ ಅಳೆದು ತಂದದ್ದು.

ಮರುದಿನ ಬೆಳಿಗ್ಗೆ ಗಂಟಿನವಳು ಖಾಲಿ ಕೊಡ ಹಿಡಿದು ಬಾವಿಗೆ ಬಂದಳು. ತುಂಬಿಸಿಟ್ಟ ನೀರೆಲ್ಲ ಗಾಯ ತೊಳೆಯಲು ಖರ್ಚಾಗಿತ್ತು. ಮಗನಿಗೆ ಸ್ನಾನ ಮಾಡಿಸಿ ಕಳಿಸಬೇಕು, ಒಂದು ಕೊಡ ನೀರು ಬೇಕು ಎಂದಳು. ಮಧ್ಯಸ್ಥ ಅವಳ ಎದುರು ತಲೆ ಬಗ್ಗಿಸಿ ನಿಂತ. ಬಹಳ ನೊಂದುಕೊಂಡ. ಡೇರೆ ಎದ್ದ ಕೂಡಲೇ ಕೊಕ್ಕೆ ತೆಗೆಯುತ್ತೇವೆ, ಅದು ನಮ್ಮ ನಿಯಮ, ನಿಮಗೆ ಗೊತ್ತೇ ಇದೆ ಎಂದ. ಡೇರೆ ಏಳುತ್ತಿರಲಿಲ್ಲ. ನಿನ್ನೆ ಕಡಿದ ದೊಡ್ಡ ಹಗ್ಗದ ಎರಡು ತುಂಡನ್ನು ಆಳುಗಳು ಜೋಡಿಸುತ್ತಿದ್ದರು, ಎಳೆದ ಕೂಡಲೇ ಜಾರುತ್ತಿತ್ತು. ಇದೇ ಮೂರನೆಯ ಸಲವೋ ನಾಲ್ಕನೆಯ ಸಲವೋ.

"ಅಮ್ಮ, ಇದನ್ನೊಂದಿಷ್ಟು ಹಿಡಿ," ಎಂದು ಆಳೊಬ್ಬ ಒಂದು ತುದಿಯನ್ನು ಅವಳ ಕೈಗೆ ಕೊಟ್ಟ.

ಹಿಡಿದಳು. ಮಂಚದ ಮೇಲೆ ಮಗ ಕಾಯುತ್ತಿದ್ದ. ಅವಳಿಗೆ ಬೇಕಿದ್ದದ್ದು ನೀರು. ಇನ್ನೊಂದು ತುದಿಯನ್ನು ಯಾರ ಕೈಗೋ ಕೊಟ್ಟರು. ತಲೆಯೆತ್ತಿ ನೋಡಿದರೆ ಎದುರಿಗೆ ಗಂಟಿನವನು, ಅವನ ಕಂಕುಳಲ್ಲೂ ಖಾಲಿ ಕೊಡ. ಅವನ ಎಡಗಿವಿಯಿರುವಲ್ಲಿ ಬಟ್ಟೆ ಸುತ್ತಿತ್ತು. ಅವಳು ಅವನ ಮುಖ ನೋಡಿದಳು. ಅವನ ಮನೆಯಲ್ಲೂ ಒಂದು ಮಂಚವಿದೆ, ಅದರ ಮೇಲೂ ಯಾರೋ ನೀರಿಗಾಗಿ ಮಲಗಿದ್ದಾರೆ ಎಂದು ಅವಳಿಗೆ ತಿಳಿಯಿತು. ಅವನೂ ಅವಳ ಮುಖ ನೋಡುತ್ತಿದ್ದ. ಮಗನೋ ಎಂದು ಆ ಮುಖ ಕೇಳಿತು. ಹೌದೆಂದು ಇವಳ ಮುಖ ಹೇಳಿತು. ನಿನಗೆ ಎಂದು ಇವಳು ಕೇಳಿದಳು, ಬಾಯಿ ತೆರೆಯದೆ. ನನಗೂ ಎಂದು ಅವನ ಮುಖ ಹೇಳಿತು. ಇಪ್ಪತ್ತೊಂದು ವರ್ಷದ್ದೆಲ್ಲ ಕೇಳಿ ಹೇಳಿ ಮುಗಿಯುವ ತನಕ ಇಬ್ಬರೂ ಕಣ್ಣು ಕೀಳಲಿಲ್ಲ. ಅಷ್ಟರಲ್ಲಿ ಕೈಯಲ್ಲಿ ಹಗ್ಗ ಬಿಗಿಯಿತು.

ಇಬ್ಬರೂ ಕೆಳಗೆ ನೋಡಿದರು. ಗಂಟು ಬಿದ್ದಿತ್ತು. ಚಪ್ಪಟೆಯಾದ, ತೆಳ್ಳನೆಯ, ರಾಟೆ ದಾಟುವ ಗಂಟು. ಅವಳು ಕುಣಿಕೆ ಮಾಡಿದ್ದಳು, ಅವನು ಹಾಯಿಸಿದ್ದ, ಅವಳು ಮಡಚಿದ್ದಳು, ಅವನು ಎಳೆದಿದ್ದ. ಯಾವಾಗ ಎಂದು ಇಬ್ಬರಿಗೂ ತಿಳಿದಿರಲಿಲ್ಲ.

"ಬಂತು," ಎಂದ ಗಂಟಿನವನು. ಹಾಗೆಂದು ಅಲ್ಲೇ ಕುಸಿದು ಅಳತೊಡಗಿದ.

ಆಳುಗಳು ಹಗ್ಗ ಎಳೆದರು. ಡೇರೆ ಒಂದೇ ಏಟಿಗೆ ಎದ್ದು ನಿಂತಿತು. ಗಾಳಿ ತುಂಬಿಕೊಂಡು ಜಗ್ಗಿತು. ಜಗ್ಗಿದಷ್ಟೂ ಗಂಟು ಬಿಗಿಯಿತು. ಮಧ್ಯಸ್ಥ ಬಂದು ಅದನ್ನು ಬೆರಳಿನಿಂದ ಮುಟ್ಟಿ ನೋಡಿದ, ಉಗುರಿನಿಂದ ಕೆದಕಿ ನೋಡಿದ. ಸಂತೋಷದಿಂದ ನಕ್ಕ.

"ಎಂಥಾ ಗಂಟು! ಇದನ್ನು ಬಿಚ್ಚುವವರು ಯಾರು? ಇನ್ನು ನಾವು ಇಲ್ಲೇ ಇರಬೇಕಾಯಿತು."

"ನಮಗೆ ಬಿಚ್ಚೋಕೆ ಬರುತ್ತೆ," ಎಂದಳು ಗಂಟಿನವಳು. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ಸಂಜೆಗೆ ಬಿಚ್ಚಬೇಕು. ನಮ್ಮಿಬ್ಬರಿಗೂ ಬರುತ್ತೆ."

ಮಧ್ಯಸ್ಥನ ನಗು ಒಂದು ಗಳಿಗೆ ನಿಂತು ಮತ್ತೆ ಬಂತು. ನೀವು ಬಹಳ ಬಳಲಿದ್ದೀರಿ, ಮನೆಗೆ ಹೋಗಿ ಎಂದ. ಆಳುಗಳ ಕಿವಿಯಲ್ಲಿ ಏನೋ ಹೇಳಿದ. ಕೊಕ್ಕೆ ಹೊರಗೆ ಬಂತು, ಸರಪಳಿ ಬಾವಿಗೆ ಇಳಿಯಿತು. ಮೊದಲ ಕೊಡ ಡೇರೆಗೆ ಹೋಯಿತು. ಎರಡನೆಯದನ್ನು ಅವಳಿಗೆ ಕೊಟ್ಟರು, ಮೂರನೆಯದನ್ನು ಅವನಿಗೆ. ಅವಳು ಮಗನ ಮೈ ತೊಳೆದಳು, ಬೆರಳಿನ ಸಂದು ಬಿಡದೆ ತೊಳೆದಳು. ಅವನನ್ನು ಕಳಿಸಿ ಬಂದಳು.

ಸಂಜೆ ಮುಳುಗುವ ಮುಂಚೆ ಮತ್ತೆ ಬಾವಿಯ ಕಡೆ ನಡೆದಳು. ಆಚೆಯಿಂದ ಗಂಟಿನವನೂ ಬರುತ್ತಿದ್ದ, ಅವಳು ಹೇಳಿಕಳಿಸಿರಲಿಲ್ಲ. ಡೇರೆಯ ಹಗ್ಗದ ಬಳಿ, ಗಂಟಿನ ಈಚೆಗೊಬ್ಬ ಆಚೆಗೊಬ್ಬ, ಕಾವಲಿಗೆ ನಿಂತಿದ್ದರು. ಆಚೆಗಿನವನು ಪಡುವಣದವನು. ಈಚೆಗಿನವನು ಮೂಡಣದವನೇ, ಅವಳ ಪಕ್ಕದ ಮನೆಯವನು. ಅವಳನ್ನು ನೋಡಿ ಅವನ ಮುಖ ಸಣ್ಣದಾಯಿತು, ಆದರೂ ಕತ್ತಿ ಅಡ್ಡ ಹಿಡಿದ. ಹಿಡಿಗೆ ಅವಳೇ ಸುತ್ತಿದ ಪುಂಡಿನಾರು ಇತ್ತು.